ಕೊನೆಯ ತಂಬಿಗೆಯವರೆಗೆ ಬಿಸಿನೀರು

ಆಷಾಢದ ಮುಂಜಾವು. ಸೊರಬದ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿಯೆಲ್ಲ ಸುರಿದ ಮಳೆ ಇನ್ನೂ ನಿಂತಿಲ್ಲ. ಅಂಗಳದಾಚೆಯ ಅಡಿಕೆ ತೋಟ ಮಂಜಿನಲ್ಲಿ ಮರೆಯಾಗಿದೆ. ಮನೆಯ ಹಿಂಬದಿಯ ಬಚ್ಚಲಲ್ಲಿ ಮಾತ್ರ ಕೆಂಪು ಬೆಳಕೊಂದು ಆಡುತ್ತಿದೆ. ಮನೆಯ ಸೊಸೆ ಎಲ್ಲರಿಗಿಂತ ಮೊದಲೆದ್ದು, ಒಲೆಯ ಬಾಯಿಗೆ ಒಣಗಿದ ಅಡಿಕೆ ಸಿಪ್ಪೆಯನ್ನು ತುಂಬಿ, ಊದುಗೊಳವೆಯಿಂದ ಊದಿ ಊದಿ ಉರಿ ಎಬ್ಬಿಸಿದ್ದಾಳೆ. ಮುಕ್ಕಾಲು ಗಂಟೆಯಲ್ಲಿ ತಾಮ್ರದ ಹಂಡೆಯ ಬಾಯಲ್ಲಿ ಹಬೆಯಾಡತೊಡಗುವುದು. ಆಮೇಲೆ ಒಬ್ಬರಾದ ಮೇಲೊಬ್ಬರು ಬಚ್ಚಲಿಗೆ ಇಳಿಯುವರು. ಮೊದಲು ಮಾವನವರು, ಅನಂತರ ಶಾಲೆಗೆ ಹೊರಡುವ ಮಕ್ಕಳು, ಪೇಟೆಯ ಬಸ್ಸು ಹಿಡಿಯಬೇಕಾದ ಗಂಡ ಮತ್ತು ಮೈದುನ, ಬಂದಿರುವ ನೆಂಟರು, ಅತ್ತೆಯವರು. ಎಲ್ಲರದೂ ಮುಗಿದು, ಉರಿ ಹಾಕಿದವಳ ಸರದಿ ಬರುವ ಹೊತ್ತಿಗೆ ಹಂಡೆಯಲ್ಲಿ ಕಂಠದವರೆಗೂ ನೀರಿರುವುದು. ಬಿಸಿ ಮಾತ್ರ ಇರುವುದಿಲ್ಲ.

ಅಡುಗೆಗೆ ನಿಲ್ಲುವ ಗೃಹಿಣಿ ಎಲ್ಲರಿಗಿಂತ ಮೊದಲೇ ಮಿಂದು ಒಳಗೆ ಹೋಗಬೇಕೆಂಬ ಪದ್ಧತಿಯ ಮನೆಗಳೂ ಉಂಟು. ಆದರೆ ಆ ಮನೆಗಳಲ್ಲಿಯೂ ಆಕೆಗೆ ಲಾಭವೇನಿಲ್ಲ. ಆಕೆ ಮೀಯುವ ಹೊತ್ತಿಗೆ ಹಂಡೆ ಇನ್ನೂ ಕಾದಿರುವುದಿಲ್ಲ! ಹೀಗೆ ಮೊದಲಾದರೂ ಸರಿ, ಕೊನೆಯಾದರೂ ಸರಿ, ಸೌದೆ ಒಟ್ಟಿ ಕಣ್ಣಿಗೆ ಹೊಗೆ ತುಂಬಿಕೊಂಡವಳ ಪಾಲಿಗೆ ಉಗುರುಬೆಚ್ಚಗಿನ ನೀರು. ಇದು ಹಣೆಬರಹವೇ, ಅಥವಾ ಲೆಕ್ಕದಲ್ಲಿ ಎಲ್ಲೋ ಆದ ತಪ್ಪೇ?

ಲೆಕ್ಕದ ತಪ್ಪೇ ಹೌದು. ಹೆಚ್ಚು ಸೌದೆ ಸುಡದೆ, ದೊಡ್ಡ ಹಂಡೆ ಕೊಳ್ಳದೆ ಆ ತಪ್ಪನ್ನು ತಿದ್ದಿಕೊಳ್ಳಬಹುದು. ಹಳ್ಳಿಯ ಹಂಡೆಗೆ ಸಲ್ಲುವ ಆ ಲೆಕ್ಕವೇ ಪಟ್ಟಣದ ಗೀಸರಿಗೂ ಸಲ್ಲುವುದರಿಂದ, ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಹಂಡೆಯ ಸೀಮೆ

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ನೆರೆಹೊರೆಯ ತಾಲ್ಲೂಕುಗಳು. ಪಶ್ಚಿಮಕ್ಕಿರುವ ಸೊರಬದಲ್ಲಿ ದಂಡಾವತಿಯ ಆಸುಪಾಸು, ಚಂದ್ರಗುತ್ತಿಯ ಬೆಟ್ಟದ ಸುತ್ತ, ಕಾಡೂ ಅಡಿಕೆ ತೋಟವೂ ಹೆಚ್ಚು, ಮಳೆಯೂ ಹೆಚ್ಚು. ಪೂರ್ವಕ್ಕೆ ಸರಿದು ಶಿಕಾರಿಪುರದತ್ತ ಬಂದಂತೆ ಮಲೆನಾಡು ಮೆಲ್ಲನೆ ಬಯಲಾಗತೊಡಗುವುದು. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ಕೆಳಗೆ ಗದ್ದೆಗಳು ಹರಡಿಕೊಂಡಿವೆ. ಬಳ್ಳಿಗಾವಿ, ತಾಳಗುಂದಗಳ ಸುತ್ತ ಕೆರೆಗಳ ಸಾಲು. ಎರಡು ತಾಲ್ಲೂಕುಗಳ ಮಣ್ಣು, ಮಳೆ, ಬೆಳೆಗಳಲ್ಲಿ ವ್ಯತ್ಯಾಸವಿದ್ದರೂ ಬಚ್ಚಲ ಒಲೆಯ ವಿಷಯದಲ್ಲಿ ಎರಡೂ ಒಂದೇ ಮನೆತನದವು.

ಈ ಸೀಮೆಯ ಬಚ್ಚಲೊಲೆ ಸರಳವಾದ, ಆದರೆ ಜಾಣತನದ ಕಟ್ಟಡ. ಇಟ್ಟಿಗೆ, ಮಣ್ಣುಗಳಿಂದ ಕಟ್ಟಿದ ಗೂಡಿನಲ್ಲಿ ಹಂಡೆ ಭುಜದವರೆಗೂ ಹುದುಗಿ ಕುಳಿತಿರುವುದು. ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹೊರಗಡೆಗೆ ಇರುವುದರಿಂದ ಒಳಗೆ ಮೀಯುವವರಿಗೆ ಹೊಗೆಯ ಕಾಟ ಕಡಮೆ. ಹಂಡೆಯ ಆಕಾರವೂ ಸುಮ್ಮನೆ ಬಂದದ್ದಲ್ಲ. ತಳ ಮತ್ತು ಹೊಟ್ಟೆ ಅಗಲವಾಗಿದ್ದಷ್ಟೂ ಉರಿಗೆ ಸಿಕ್ಕುವ ಮೈ ಹೆಚ್ಚು. ಬಾಯಿ ಕಿರಿದಾಗಿದ್ದಷ್ಟೂ ಹಬೆಯಾಗಿ ಹೊರಬೀಳುವ ಶಾಖ ಕಡಮೆ. ತಾಮ್ರವು ಶಾಖವನ್ನು ಒಳಗೆ ಬಿಡುವುದರಲ್ಲಿ ಬಲು ಧಾರಾಳಿ; ಆದುದರಿಂದಲೇ ಹಿರಿಯರು ಕಬ್ಬಿಣಕ್ಕಿಂತ ಅದನ್ನು ಮೆಚ್ಚಿದರು. ಒಲೆಗೆ ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಕರಟ, ತೋಟದಲ್ಲಿ ಬಿದ್ದ ಕಟ್ಟಿಗೆ ಎಲ್ಲವೂ ನಡೆಯುವುದು. ಅಡುಗೆಯ ಒಲೆ ಒಲ್ಲೆನೆನ್ನುವ ಸೌದೆಯನ್ನು ಬಚ್ಚಲೊಲೆ ಮರುಮಾತಿಲ್ಲದೆ ನುಂಗುವುದು.

ಅಡುಗೆಯ ಮನೆಗೆ ಗ್ಯಾಸು ಬಂದು ಬಹುಕಾಲವಾಯಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಬಳಿಕವಂತೂ ಹಿಂದೆ ಸಿಲಿಂಡರು ಕಾಣದಿದ್ದ ಎಷ್ಟೋ ಮನೆಗಳಿಗೂ ಅದು ತಲುಪಿತು. ಆದರೂ ಮಲೆನಾಡಿನ ಬಚ್ಚಲಿನಿಂದ ಹಂಡೆ ಕದಲಿಲ್ಲ. ಎಂಟು ಜನರ ಸ್ನಾನದ ನೀರನ್ನು ಹಣ ಕೊಟ್ಟು ಕೊಂಡ ಗ್ಯಾಸಿನಲ್ಲಿ ಕಾಯಿಸಲು ಯಾವ ಗೃಹಿಣಿಯ ಮನಸ್ಸು ಒಪ್ಪೀತು? ಆದುದರಿಂದ ಅಡುಗೆಯಿಂದ ತೊಲಗಿದ ಸೌದೆ ಬಚ್ಚಲಲ್ಲಿ ಉಳಿದಿದೆ. ಅದನ್ನು ಹೊತ್ತು ತರುವ, ಒಣಗಿಸುವ, ಒಟ್ಟುವ ಕೆಲಸವೂ ಉಳಿದಿದೆ.

ಎರಡು ಮನೆಗಳ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಅಕ್ಕಪಕ್ಕದ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಬಹುದು. ಎರಡರಲ್ಲಿಯೂ 60 ಲೀಟರಿನ ಹಂಡೆ. ಎರಡರಲ್ಲಿಯೂ ಎಂಟು ಜನ. ಬಾವಿಯ ತಣ್ಣೀರು 24 ಡಿಗ್ರಿ ಸೆಲ್ಸಿಯಸ್ ಇದ್ದು, ಹಂಡೆಯ ನೀರು 70 ಡಿಗ್ರಿಗೆ ಕಾದಿದೆ. ಒಲೆಯ ಉರಿ ಇಳಿದು ಕೆಂಡವಷ್ಟೇ ಉಳಿದಿದೆ. ಒಬ್ಬೊಬ್ಬರಿಗೂ 18 ಲೀಟರಿನ ಒಂದು ಬಕೆಟ್ಟು. ಅದರ ಹದ 40 ಡಿಗ್ರಿ. ಮೈಗೆ ಹಿತವಾದ ಬಿಸಿ ಸಾಮಾನ್ಯವಾಗಿ ಇಷ್ಟೇ.

ಮೊದಲನೆಯ ಮನೆಯಲ್ಲಿ ಹಂಡೆ ಬರಿದಾಗಬಾರದೆಂಬ ಕಟ್ಟುನಿಟ್ಟು. ಯಾರು ಎಷ್ಟು ಬಿಸಿನೀರು ತೋಡಿಕೊಂಡರೋ ಅಷ್ಟೇ ತಣ್ಣೀರನ್ನು ಹಂಡೆಗೆ ಹೊಯ್ದು ಹೊರಬರಬೇಕು. ನೋಡಲು ಇದು ಒಳ್ಳೆಯ ನಡತೆಯೇ. ಮುಂದಿನವರ ಚಿಂತೆ ಇದರಲ್ಲಿ ಕಾಣುವುದು. ಆದರೆ ನಡೆಯುವುದೇನು? ಮೊದಲಿನವರು ಮಿಂದು ತಣ್ಣೀರು ಹೊಯ್ದೊಡನೆ ಹಂಡೆ 65 ಡಿಗ್ರಿಗೆ ಇಳಿಯಿತು. ಎರಡನೆಯವರ ಬಳಿಕ 60. ಮೂರನೆಯವರ ಬಳಿಕ 56. ಆಮೇಲೆ 51, 46, 41. ಏಳನೆಯವರು ಹೊರಬಂದಾಗ ಹಂಡೆಯ ನೀರು ಕೇವಲ 36 ಡಿಗ್ರಿ. ಎಂಟನೆಯವಳು ಒಂದು ಹನಿ ತಣ್ಣೀರನ್ನೂ ಬೆರೆಸದೆ ಮಿಂದರೂ ಆಕೆಗೆ ಬೇಕಾದ ಬಿಸಿ ದೊರೆಯದು.

ಎರಡನೆಯ ಮನೆಯ ಅತ್ತೆಯ ರೀತಿ ಬೇರೆ. “ಅತ್ತೇ, ಹಂಡೆಗೆ ನೀರು ಹೊಯ್ಯಲೇ?” ಎಂದು ಸೊಸೆ ಕೇಳಿದರೆ, “ಈಗಲೇ ಬೇಡ ಮಾರಾಯ್ತಿ, ನೀನು ಮಿಂದಾದ ಮೇಲೆ ಹೊಯ್ಯುವೆಯಂತೆ” ಎನ್ನುವವರು ಅವರು. ಆ ಮನೆಯಲ್ಲಿ ತಣ್ಣೀರು ಹಂಡೆಗೆ ಬೀಳುವುದಿಲ್ಲ. ಬಕೆಟ್ಟಿಗೆ ಮಾತ್ರ ಬೀಳುವುದು. 70 ಡಿಗ್ರಿಯ ನೀರು ಒಬ್ಬರಿಗೆ ಆರೂಕಾಲು ಲೀಟರಿನಷ್ಟಿದ್ದರೆ ಸಾಕು; ಉಳಿದುದೆಲ್ಲ ತಣ್ಣೀರು. ಎಂಟು ಜನರಿಗೆ ಒಟ್ಟು 50 ಲೀಟರು. ಎಂಟನೆಯವಳ ಬಕೆಟ್ಟೂ ಮೊದಲನೆಯವರ ಬಕೆಟ್ಟಿನಷ್ಟೇ ಬಿಸಿ. ಅದರ ಮೇಲೆ ಹಂಡೆಯ ತಳದಲ್ಲಿ ಇನ್ನೂ 10 ಲೀಟರು ಬಿಸಿನೀರು ಮಿಕ್ಕಿರುವುದು.

ಎರಡು ಮನೆಗಳಲ್ಲಿ ಸುಟ್ಟ ಸೌದೆ ಒಂದೇ. ಕಾದ ನೀರೂ ಒಂದೇ. ಹಾಗಾದರೆ ಮೊದಲನೆಯ ಮನೆಯ ಬಿಸಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ಅದು ಹಂಡೆಯಲ್ಲಿಯೇ ಇದೆ. ಆದರೆ 60 ಲೀಟರು ನೀರಿನ ತುಂಬ ತೆಳ್ಳಗೆ ಹರಡಿಕೊಂಡುಬಿಟ್ಟಿದೆ. ಮಜ್ಜಿಗೆಗೆ ನೀರು ಹೊಯ್ದಂತೆ ಇದು. ಹೊಯ್ದಷ್ಟೂ ಪಾತ್ರೆ ತುಂಬುವುದು. ರುಚಿ ಮಾತ್ರ ಇಳಿಯುತ್ತ ಹೋಗುವುದು. ಬಿಸಿಯನ್ನು ಬಿಸಿಯಾಗಿಯೇ ಕಾಪಾಡಿ, ಬೇಕಾದಾಗ, ಬೇಕಾದಷ್ಟನ್ನೇ ತಣ್ಣೀರಿಗೆ ಬೆರೆಸಬೇಕು ಎಂಬುದೇ ಬಿಸಿನೀರಿನ ಮಿತವ್ಯಯದ ಮೊದಲ ಸೂತ್ರ.

ಇದಕ್ಕೆ ಎರಡು ಎಚ್ಚರಿಕೆಗಳುಂಟು. ಒಲೆಯಲ್ಲಿ ಉರಿ ಇರುವಾಗ ಹಂಡೆಯನ್ನು ಬರಿದು ಮಾಡಬಾರದು. ನೀರಿಲ್ಲದ ಹಂಡೆಯ ತಳ ಸುಟ್ಟು ಕೆಡುವುದು. ಆದುದರಿಂದ ಕೊನೆಯ ಮೂರು ನಾಲ್ಕು ಸ್ನಾನಗಳ ಹೊತ್ತಿಗೆ ಸೌದೆಯನ್ನು ಹೊರಗೆಳೆದು, ಕೆಂಡವನ್ನಷ್ಟೇ ಉಳಿಸಬೇಕು. ಇನ್ನು ಬಕೆಟ್ಟಿಗೆ ಮೊದಲು ತಣ್ಣೀರನ್ನೇ ಹಾಕಿ, ಆಮೇಲೆ ಬಿಸಿಯನ್ನು ಬೆರೆಸಬೇಕು. 70 ಡಿಗ್ರಿಯ ನೀರು ಕ್ಷಣಮಾತ್ರದಲ್ಲಿ ಚರ್ಮವನ್ನು ಸುಡಬಲ್ಲುದು. ಮಕ್ಕಳು ಕೈಹಾಕುವ ಬಕೆಟ್ಟಿನಲ್ಲಿ ಬರಿಯ ಬಿಸಿನೀರು ಒಂದು ಗಳಿಗೆಯೂ ಇರಕೂಡದು.

ಎಲ್ಲರ ಸ್ನಾನವೂ ಮುಗಿದ ಮೇಲೆ ಹಂಡೆಯನ್ನು ತುಂಬಿ ಮುಚ್ಚುವುದೇ ಸರಿಯಾದ ಕ್ರಮ. ಆಗ ಒಲೆಯಲ್ಲಿ ಉಳಿದ ಕೆಂಡ, ಕಾದ ಗೂಡಿನ ಗೋಡೆ, ಬಿಸಿಬೂದಿ ಇವುಗಳ ಶಾಖವೆಲ್ಲ ಆ ತಣ್ಣೀರಿಗೆ ಇಳಿಯುವುದು. ಸಂಜೆ ಗದ್ದೆಯಿಂದ ಬಂದವರಿಗೆ ಕೈಕಾಲು ತೊಳೆಯಲು ಬೆಚ್ಚನೆಯ ನೀರು ಪುಕ್ಕಟೆಯಾಗಿ ಸಿದ್ಧ.

ಮುಚ್ಚಳ, ಮಸಿ, ಹಸಿ ಸೌದೆ

ಒಂದು ಬಕೆಟ್ಟು ಸ್ನಾನದ ನೀರಿನಲ್ಲಿ ಎಷ್ಟು ಶಾಖವಿದೆ? ಮೇಲಿನ ಲೆಕ್ಕದಂತೆ 18 ಲೀಟರು ನೀರನ್ನು 24ರಿಂದ 40 ಡಿಗ್ರಿಗೆ ಏರಿಸಲು 288 ಕಿಲೋಕ್ಯಾಲರಿ ಬೇಕು. ಈ ‘ಒಂದು ಬಕೆಟ್ಟು’ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಬಚ್ಚಲಿನ ಸೋರಿಕೆಗಳೆಲ್ಲ ಕಣ್ಣಿಗೆ ಕಟ್ಟುವಂತಾಗುವುವು.

ಹಂಡೆಯ ಬಾಯಿಯನ್ನು ತೆರೆದಿಟ್ಟಾಗ ಮೇಲೇಳುವ ಹಬೆ ನೋಡಲು ಚೆಂದ. ಆದರೆ ಒಂದು ಲೀಟರು ನೀರು ಹೀಗೆ ಆವಿಯಾಗಿ ಹೋಯಿತೆಂದರೆ ಸುಮಾರು ಎರಡು ಬಕೆಟ್ಟು ಸ್ನಾನದ ಶಾಖ ಅದರೊಡನೆ ಹೊರಟುಹೋದಂತೆಯೇ. ಹಿರಿಯರು ಹಂಡೆಯ ಮೇಲೆ ದಪ್ಪನೆಯ ಮರದ ಹಲಗೆಯನ್ನು ಮುಚ್ಚುತ್ತಿದ್ದುದು ಜಿರಲೆ, ಕಸಗಳ ಭಯದಿಂದ ಮಾತ್ರವಲ್ಲ. ಮರ ಶಾಖವನ್ನು ಸುಲಭವಾಗಿ ಹೊರಗೆ ಬಿಡದು. ತೆಳುವಾದ ತಗಡಿನ ಮುಚ್ಚಳವಾದರೆ ಬೇಗನೆ ಬಿಡುವುದು. ಪ್ರತಿಯೊಬ್ಬರೂ ತೋಡಿಕೊಂಡೊಡನೆ ಮುಚ್ಚಳವನ್ನು ಮರಳಿ ಹಾಕುವ ಅಭ್ಯಾಸ ಬೆಳೆದರೆ ಖರ್ಚಿಲ್ಲದೆ ದೊರೆಯುವ ಉಳಿತಾಯ ಇದು.

ಹಸಿ ಸೌದೆಯ ಕಥೆಯೂ ಇಂಥದೇ. ಆಗ ತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಆ ನೀರು ಆವಿಯಾಗಿ ಹೋಗುವವರೆಗೆ ಸೌದೆ ಸರಿಯಾಗಿ ಉರಿಯದು. ಸೌದೆಯೊಳಗಿನ ಒಂದು ಲೀಟರು ನೀರನ್ನು ಕುದಿಸಿ ಓಡಿಸಲು ಎರಡು ಬಕೆಟ್ಟಿಗೂ ಹೆಚ್ಚಿನ ಶಾಖ ವ್ಯರ್ಥ. ಮಳೆಗಾಲಕ್ಕೆ ಮುಂಚೆಯೇ ಸೌದೆಯನ್ನು ಸೀಳಿ, ಒಣಗಿಸಿ, ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಮಲೆನಾಡಿನ ವೈಶಾಖದ ಕೆಲಸ ಈ ಕಾರಣದಿಂದಲೇ ಅಷ್ಟು ಮಹತ್ತ್ವದ್ದು. ಆ ವರ್ಷ ಸೌದೆ ಒಣಗದಿದ್ದರೆ ಶ್ರಾವಣದಲ್ಲಿ ಇಡೀ ಮನೆ ಕೆಮ್ಮುವುದು.

ಮೂರನೆಯದು ಮಸಿ. ಹಂಡೆಯ ಹೊರಮೈಗೆ ಬೆರಳು ದಪ್ಪ ಮಸಿ ಕಟ್ಟಿದರೆ ಅದು ಕಂಬಳಿ ಹೊದಿಸಿದಂತೆ ಉರಿಯನ್ನು ತಡೆಯುವುದು. ಒಳಮೈಗೂ ಇಂಥದೇ ಒಂದು ಕಾಟವುಂಟು. ಗಡಸು ನೀರಿನ ಊರುಗಳಲ್ಲಿ ನೀರು ಕಾದಂತೆಲ್ಲ ಸುಣ್ಣದಂಥ ಬಿಳಿಯ ಪದರ ತಳಕ್ಕೆ ಹತ್ತುವುದು. ಇವೆರಡನ್ನೂ ಆಗಾಗ ಕೆರೆದು ತೆಗೆಯದಿದ್ದರೆ ಉರಿ ಎಷ್ಟೇ ಜೋರಾಗಿದ್ದರೂ ನೀರು ತಡವಾಗಿಯೇ ಕಾಯುವುದು.

60 ಲೀಟರನ್ನು 70 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ ಒಂದು ಕಿಲೋಗ್ರಾಮಿಗೂ ಕಡಮೆ ಒಣ ಸೌದೆಯಲ್ಲಿ ಅಡಗಿದೆ ಎಂದರೆ ನಂಬುವುದು ಕಷ್ಟ. ವಾಸ್ತವದಲ್ಲಿ ಸಾಮಾನ್ಯ ಒಲೆಗಳು ಅದರ ಹಲವು ಪಟ್ಟು ಸೌದೆಯನ್ನು ತಿನ್ನುವುವು. ಶಾಖದ ಬಹುಪಾಲು ಒಲೆಯ ಬಾಯಿಂದಲೂ ಹೊಗೆಯೊಡನೆಯೂ ಹೊರಗೆ ಹೋಗುವುದು. ಈ ಕೊರತೆಯನ್ನು ನೀಗಿಸಲು ನಮ್ಮ ನಾಡಿನಲ್ಲಿಯೇ ದೊಡ್ಡ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ ಒಲೆ ‘ಅಸ್ತ್ರ ಒಲೆ’ಯೆಂದೇ ಹಳ್ಳಿಗಳಲ್ಲಿ ಹೆಸರಾಯಿತು. ಸೌದೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಉರಿಯನ್ನು ಹಿಡಿದಿಡುವ ಮುಚ್ಚಿದ ಗೂಡು, ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ: ಇವು ಅದರ ಮುಖ್ಯಾಂಶಗಳು. ಬಚ್ಚಲೊಲೆಗೂ ಇದೇ ತತ್ತ್ವ ಅನ್ವಯಿಸುವುದು. ಜಾಲರಿಯ ಮೇಲಿಟ್ಟ ಸೌದೆ ಪೂರ್ತಿಯಾಗಿ ಉರಿದು, ಬಿಸಿಗಾಳಿ ಹಂಡೆಯ ಹೊಟ್ಟೆಯನ್ನು ಬಳಸಿಯೇ ಹೊರಗೆ ಹೋಗುವಂತಾದರೆ ಅದೇ ಸ್ನಾನಕ್ಕೆ ಕಡಮೆ ಕಟ್ಟಿಗೆ ಸಾಕಾಗುವುದು. ಊದುವವರ ಕಣ್ಣೂ ಉಳಿಯುವುದು.

ತಂಬಿಗೆಯೂ ಷವರೂ

ನೀರು ಕಾಯಿಸುವ ವಿಷಯ ಇಷ್ಟಾಯಿತು. ಮೀಯುವ ರೀತಿಯಲ್ಲಿಯೂ ಒಂದು ಗುಟ್ಟಿದೆ.

ಪಾಶ್ಚಾತ್ಯ ದೇಶಗಳಲ್ಲಿ ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ಸುತ್ತುವ ಕುಟುಂಬಗಳುಂಟು. ಆ ಮನೆಗಾಡಿಯೊಳಗೆ ಅಡುಗೆಯ ಕಟ್ಟೆ, ಹಾಸಿಗೆ, ಪುಟ್ಟ ಸ್ನಾನಗೃಹ ಎಲ್ಲವೂ ಇರುವುವು. ಈಚಿನ ವರ್ಷಗಳಲ್ಲಿ ನಮ್ಮ ದೇಶದ ಹೆದ್ದಾರಿಗಳಲ್ಲಿಯೂ ಇವು ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಅಲ್ಲಿ ನೀರು ಕಾಯಿಸುವ ತೊಟ್ಟಿ ಬಹಳ ಸಣ್ಣದು. ಅಮೆರಿಕದ ಇಂಥ ಗಾಡಿಗಳಲ್ಲಿ ಸಾಧಾರಣವಾಗಿ 6 ಗ್ಯಾಲನ್, ಅಂದರೆ ಸುಮಾರು 23 ಲೀಟರು. ಅದು 60 ಡಿಗ್ರಿಗೆ ಕಾದರೆ, ತಣ್ಣೀರು ಬೆರೆಸಿ 51 ಲೀಟರಿನಷ್ಟು ಹದವಾದ ನೀರು ದೊರೆಯುವುದು. ಷವರು ನಿಮಿಷಕ್ಕೆ 10 ಲೀಟರು ಸುರಿಸುವುದಾದರೆ ಐದೇ ನಿಮಿಷದಲ್ಲಿ ಎಲ್ಲ ಮುಗಿಯಿತು! ಗಂಡ ಮಿಂದು ಹಾಡು ಹೇಳುತ್ತ ಹೊರಬರುವಾಗ ಹೆಂಡತಿಯ ಪಾಲಿಗೆ ತಣ್ಣೀರೇ ಗತಿ. ಸೊರಬದ ಬಚ್ಚಲಿನ ಸಂಕಟವೇ ಸಾಗರದಾಚೆ ಗಾಲಿಯ ಮೇಲೆ ಓಡುತ್ತಿದೆ ಎನ್ನಬಹುದು.

ಅವರು ಕಂಡುಕೊಂಡ ಉಪಾಯ ನೌಕಾಪಡೆಯವರಿಂದ ಬಂದದ್ದು. ಹಡಗಿನಲ್ಲಿ ಸಿಹಿನೀರು ಅಮೂಲ್ಯ. ಆದುದರಿಂದ ನಾವಿಕರು ಮೈಯನ್ನು ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸುವರು. ಸೋಪು ಹಚ್ಚಿ ಉಜ್ಜಿಕೊಳ್ಳುವವರೆಗೆ ಒಂದು ಹನಿಯೂ ಬೀಳದು. ಆಮೇಲೆ ಮತ್ತೆ ತೆರೆದು ತೊಳೆದುಕೊಳ್ಳುವರು. ಮನೆಗಾಡಿಗಳ ಷವರಿನ ತಲೆಯಲ್ಲಿಯೇ ಇದಕ್ಕೆಂದು ಒಂದು ಗುಂಡಿ ಇರುವುದು. ಅದನ್ನು ಒತ್ತಿದರೆ ಬಿಸಿ, ತಣ್ಣೀರುಗಳ ಹದ ಕೆಡದಂತೆ ನೀರು ನಿಲ್ಲುವುದು. ಒದ್ದೆಯಾಗಲು ಒಂದು ನಿಮಿಷ, ತೊಳೆದುಕೊಳ್ಳಲು ಒಂದೂವರೆ ನಿಮಿಷವಾದರೆ ಒಬ್ಬರ ಸ್ನಾನ 25 ಲೀಟರಿನಲ್ಲಿ ಮುಗಿಯುವುದು. ಅದೇ ತೊಟ್ಟಿಯ ನೀರು ಈಗ ಇಬ್ಬರಿಗೆ ಸಾಕು.

ಇದನ್ನು ಓದಿದ ನಮ್ಮ ಅಜ್ಜಿಯರು ನಕ್ಕಾರು. ತಂಬಿಗೆಯ ಸ್ನಾನದಲ್ಲಿ ಈ ಗುಂಡಿ ಹುಟ್ಟಿನಿಂದಲೇ ಇದೆ. ಕೈ ಸೋಪು ಹಿಡಿದಾಗ ತಂಬಿಗೆ ತಾನಾಗಿಯೇ ಕೆಳಗೆ ಕೂರುವುದು. ನೀರು ತಾನಾಗಿಯೇ ನಿಲ್ಲುವುದು. ಇಷ್ಟೇ ನೀರೆಂಬ ಮಿತಿಯೂ ಬಕೆಟ್ಟಿನ ರೂಪದಲ್ಲಿ ಕಣ್ಣೆದುರಿಗೇ ಇರುವುದು. ಎಣ್ಣೆಸ್ನಾನದ ದಿನ ಮಾತ್ರ ಈ ಲೆಕ್ಕ ನಿಲ್ಲದು. ಸೀಗೆಪುಡಿ, ಅಂಟುವಾಳ, ದಾಸವಾಳದ ಎಲೆಯ ಲೋಳೆ ಇವೆಲ್ಲ ತಲೆಯಿಂದ ಬಿಡಬೇಕಾದರೆ ಎರಡು ಬಕೆಟ್ಟಾದರೂ ಬೇಕು. ಮನೆಮಂದಿಯೆಲ್ಲ ಒಂದೇ ದಿನ ಎಣ್ಣೆ ಹಚ್ಚಿಕೊಳ್ಳದೆ ಸರದಿ ಮಾಡಿಕೊಳ್ಳುವುದು ಇದಕ್ಕೆ ಹಳೆಯ ಪರಿಹಾರ.

ಪಟ್ಟಣದ ಗೀಸರು

ಶಿಕಾರಿಪುರ, ಸೊರಬಗಳ ಮಕ್ಕಳು ಓದಿ, ಕೆಲಸ ಹಿಡಿದು, ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ನೆಲಸಿದಾಗ ಹಂಡೆಯ ಸ್ಥಾನವನ್ನು ಗೋಡೆಗೆ ನೇತುಬಿದ್ದ ಬಿಳಿಯ ಡಬ್ಬಿ ಆಕ್ರಮಿಸುವುದು. 15 ಲೀಟರಿನ, 2 ಕಿಲೋವಾಟಿನ ವಿದ್ಯುತ್ ಗೀಸರು ಸಣ್ಣ ಸಂಸಾರಗಳಲ್ಲಿ ಸಾಮಾನ್ಯ. ಊರಿನಿಂದ ತಂದೆತಾಯಿಗಳು ಬಂದ ಬೆಳಗ್ಗೆ ಅಲ್ಲಿಯೂ ಹಳೆಯ ದೂರೇ: “ಬಿಸಿನೀರು ಮುಗಿಯಿತಲ್ಲ ಮಗಳೇ!”

ಈ ಡಬ್ಬಿಯೊಳಗೆ ನಡೆಯುವುದು ಸ್ವಾರಸ್ಯಕರ. ತಣ್ಣೀರು ಅದರ ತಳದಿಂದ ಒಳಬರುವುದು. ಬಿಸಿನೀರು ಮೇಲ್ಭಾಗದಿಂದ ಹೊರಹೋಗುವುದು. ಬಿಸಿನೀರು ಹಗುರ, ತಣ್ಣೀರು ಭಾರ. ಆದುದರಿಂದ ಒಳಬಂದ ತಣ್ಣೀರು ಕೆಳಗೇ ಕುಳಿತು ಬಿಸಿಯನ್ನು ಮೇಲಕ್ಕೆ ನೂಕುವುದೇ ಹೊರತು ಬೇಗ ಬೆರೆಯುವುದಿಲ್ಲ. ಎಂದರೆ ಹಂಡೆಗೆ ತಣ್ಣೀರು ಹೊಯ್ಯಗೊಡದ ಆ ಎರಡನೆಯ ಮನೆಯ ಅತ್ತೆಯ ಬುದ್ಧಿಯನ್ನೇ ಈ ಯಂತ್ರದಲ್ಲಿಯೂ ಅಳವಡಿಸಿದ್ದಾರೆ.

24 ಡಿಗ್ರಿಯ 15 ಲೀಟರನ್ನು 60 ಡಿಗ್ರಿಗೆ ಏರಿಸಲು ಇಂಥ ಗೀಸರಿಗೆ ಸುಮಾರು 19 ನಿಮಿಷ ಬೇಕು. ತಗಲುವ ವಿದ್ಯುತ್ತು ಮುಕ್ಕಾಲು ಯೂನಿಟ್ಟಿಗಿಂತ ಕಡಮೆ. ಅದರಿಂದ ಹದವಾದ ನೀರು 33 ಲೀಟರು, ಎಂದರೆ ಎರಡು ಬಕೆಟ್ಟಿಗೆ ಸ್ವಲ್ಪ ಕಡಮೆ. ಷವರು ತೆರೆದರೆ ಮೂರು ಚಿಲ್ಲರೆ ನಿಮಿಷದಲ್ಲಿ ಅದು ಬರಿದು. ಆದರೆ ಗೀಸರು ಚಾಲೂ ಇರುವ ಪ್ರತಿ 10 ನಿಮಿಷಕ್ಕೆ ಒಂದು ಬಕೆಟ್ಟಿನ ಶಾಖವನ್ನು ಅದು ಮತ್ತೆ ಕೂಡಿಸಿಕೊಡುವುದು. ಆದುದರಿಂದ ಬಕೆಟ್ಟಿನಲ್ಲಿ ಮೀಯುತ್ತ, ಹತ್ತು ನಿಮಿಷಕ್ಕೊಬ್ಬರಂತೆ ಹೋದರೆ ಆರು ಜನ ಬಂದರೂ ಬಿಸಿನೀರು ಸೋಲದು. ಒಬ್ಬರ ಹಿಂದೊಬ್ಬರು ಷವರಿನಡಿ ನಿಂತರೆ ಎರಡನೆಯವರಿಗೇ ಚಳಿ ಹಿಡಿಯುವುದು.

ನಲ್ಲಿಗೂ ಗೀಸರಿಗೂ ನಡುವಿನ ಕೊಳವೆಯ ಕಡೆಗೂ ಗಮನವಿರಲಿ. 15 ಮಿಲಿಮೀಟರು ಒಳವ್ಯಾಸದ 20 ಮೀಟರು ಕೊಳವೆಯಲ್ಲಿ ಮೂರೂವರೆ ಲೀಟರು ನೀರು ನಿಂತಿರುವುದು. ಬಿಸಿ ಬರುವವರೆಗೆ ಅಷ್ಟು ತಣ್ಣೀರು ಸುರಿಯಬೇಕು. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಕೊಳವೆಯಲ್ಲಿ ಸಿಕ್ಕಿ ತಣ್ಣಗಾಗುವುದು. ಮೊದಲು ಬಂದ ತಣ್ಣೀರನ್ನು ಬಚ್ಚಲಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿದರೆ ಹದ ಮಾಡಲು ಅದೇ ಒದಗುವುದು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಗಂಟೆಗಟ್ಟಲೆ ಬಿಡುವಾದರೆ ಈ ನಷ್ಟ ಪ್ರತಿ ಸಲವೂ ಆಗುವುದು.

ಗ್ಯಾಸಿನ ಗೀಸರು ನೀರನ್ನು ಹರಿಯುತ್ತಿರುವಾಗಲೇ ಕಾಯಿಸುವುದರಿಂದ ಮುಗಿಯುವ ಭಯವಿಲ್ಲ. ಆದರೆ ಅಲ್ಲಿ ಬೇರೊಂದು ಭಯವುಂಟು. ಗಾಳಿಯಾಡದ ಸ್ನಾನಗೃಹದಲ್ಲಿ ಅದು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು, ಮೀಯುವವರು ಅರಿವಿಲ್ಲದೆ ಕುಸಿದು ಪ್ರಾಣ ಕಳೆದುಕೊಳ್ಳಬಹುದು. ಅದನ್ನು ಸ್ನಾನಗೃಹದ ಹೊರಗೆ, ಗಾಳಿಗೆ ತೆರೆದ ಜಾಗದಲ್ಲಿಯೇ ಇರಿಸಬೇಕು. ಒಲೆಯ ಬಾಯಿಯನ್ನು ಬಚ್ಚಲಿನ ಹೊರಗಿಟ್ಟ ಮಲೆನಾಡಿನ ಹಿರಿಯರ ವಿವೇಕ ಇಲ್ಲಿಯೂ ಸಲ್ಲುವಂಥದು.

ಬಿಸಿಲಿನಿಂದ ನೀರು ಕಾಯಿಸುವ ಸೌರ ಸಾಧನಗಳು ಈಗ ಹಳ್ಳಿಯ ತಾರಸಿಗಳನ್ನೂ ಏರಿವೆ. ಶಾಖ ಸೋರದಂತೆ ಹೊದಿಕೆ ಹಾಕಿದ ಅವುಗಳ ತೊಟ್ಟಿಯಲ್ಲಿ ಹಗಲು ಕಾದ ನೀರು ಮರುದಿನದ ಮುಂಜಾವಿಗೂ ಬಿಸಿಯಾಗಿಯೇ ಇರುವುದು. ಬೇಸಗೆಯ ಶಿಕಾರಿಪುರದಲ್ಲಿ ಅವಕ್ಕೆ ಸರಿಸಾಟಿಯಿಲ್ಲ. ಆದರೆ ಬಿಸಿನೀರು ನಿಜವಾಗಿ ಬೇಕಾಗುವುದು ವಾರಗಟ್ಟಲೆ ಸೂರ್ಯನ ಮುಖ ಕಾಣದ ಆಷಾಢ, ಶ್ರಾವಣಗಳಲ್ಲಿ. ಆಗ ತಾರಸಿಯ ಸಾಧನ ಮೌನ ತಾಳುವುದು. ಮನೆಯವರು ಮತ್ತೆ ಹಂಡೆಯ ಮುಚ್ಚಳ ತೆಗೆಯುವರು. ಆದುದರಿಂದಲೇ ಸೌರ ತೊಟ್ಟಿ ಇರುವ ಮನೆಗಳಲ್ಲಿಯೂ ಹಂಡೆಗೆ ಇನ್ನೂ ನಿವೃತ್ತಿ ದೊರೆತಿಲ್ಲ.

ನೀರು ತುಂಬುವ ಹಬ್ಬ

ವರ್ಷದಲ್ಲಿ ಒಂದು ದಿನ ಈ ಹಂಡೆಗೆ ಪೂಜೆ ಸಲ್ಲುವುದು. ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಬಚ್ಚಲನ್ನು ತೊಳೆದು, ಹುಣಿಸೆಹಣ್ಣಿನಿಂದ ಹಂಡೆಯನ್ನು ಕೆಂಪಗೆ ಬೆಳಗಿ, ರಂಗೋಲಿಯಿಟ್ಟು, ಕೊರಳಿಗೆ ಹೂವು ಬಳ್ಳಿಗಳ ಮಾಲೆ ಹಾಕಿ, ಬಾವಿಯಿಂದ ಸೇದಿದ ಹೊಸ ನೀರನ್ನು ಕಂಠದವರೆಗೆ ತುಂಬುವರು. ಮರುದಿನ ಬೆಳಕು ಹರಿಯುವ ಮುನ್ನ ಎಣ್ಣೆಸ್ನಾನ. ಆಗ ಮಸಿ ಕೆರೆದಾಗಿರುವುದು, ಸೌದೆ ಒಣಗಿರುವುದು, ಹಂಡೆ ತುಂಬಿರುವುದು. ಬಿಸಿನೀರು ಚೆನ್ನಾಗಿ ಒದಗಲು ಬೇಕಾದ ಏರ್ಪಾಟೆಲ್ಲ ಹಬ್ಬದ ನೆಪದಲ್ಲಿ ಒಂದೇ ಸಂಜೆ ಮುಗಿದಿರುವುದು.

ಆ ಏರ್ಪಾಟು ಉಳಿದ ದಿನಗಳಿಗೂ ಹರಡಿದರೆ ಮನೆಯ ಸುಖ ಎಷ್ಟು ಹೆಚ್ಚೀತು! ಇದಕ್ಕೆ ಬೇಕಾದುದು ಹಣವಲ್ಲ. ಮುಚ್ಚಳ ಮುಚ್ಚುವ ಕೈ, ಒಣ ಸೌದೆ, ತಣ್ಣೀರನ್ನು ಹಂಡೆಗಲ್ಲದೆ ಬಕೆಟ್ಟಿಗೆ ಹೊಯ್ಯುವ ತಿಳಿವು. ಜೊತೆಗೆ ಮೊದಲು ಮೀಯುವವರಿಗೆ ಕೊನೆಗೆ ಮೀಯುವವರ ನೆನಪು. ಮೊದಲನೆಯ ಮನೆಯವರು ಹಂಡೆ ತುಂಬಿಟ್ಟು ಬಂದರು. ಎಂಟನೆಯವಳಿಗೆ ನೀರುಳಿಯಲೆಂಬ ಒಳ್ಳೆಯ ಮನಸ್ಸೇ ಅವರದು. ಆಕೆಗೆ ಬೇಕಾಗಿದ್ದುದು ನೀರಲ್ಲ, ಬಿಸಿ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಎರಡನೆಯ ಮನೆಯಲ್ಲಿ ಈಗ ಎಂಟನೆಯ ಸರದಿ. ಮಳೆ ಹೊರಗೆ ಸುರಿಯುತ್ತಲೇ ಇದೆ. ಮಕ್ಕಳು ಶಾಲೆಗೆ ಹೋಗಿಯಾಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರು ಕುಳಿತು ದೋಸೆಯ ಕಾವಲಿ ನೋಡಿಕೊಳ್ಳುತ್ತಿದ್ದಾರೆ. “ನಿಧಾನವಾಗಿ ಮಿಂದು ಬಾರೇ, ಅವಸರವಿಲ್ಲ” ಎಂಬ ಅವರ ದನಿ ಬಚ್ಚಲವರೆಗೂ ಕೇಳುತ್ತಿದೆ. ಸೊಸೆ ಮರದ ಮುಚ್ಚಳವನ್ನು ಸರಿಸಿದಳು. ಹಂಡೆಯ ತಳದಿಂದ ಹಬೆ ಎದ್ದು ಮುಖಕ್ಕೆ ತಾಗಿತು. ತಣ್ಣೀರಿನ ಬಕೆಟ್ಟಿಗೆ ಒಂದು, ಎರಡು, ಮೂರು ತಂಬಿಗೆ ಬಿಸಿ ಬಿದ್ದಿತು. ಆಕೆ ಬೆರಳದ್ದಿ ನೋಡಿ ಇನ್ನೂ ಒಂದು ತಂಬಿಗೆ ತಣ್ಣೀರು ಬೆರೆಸಿಕೊಂಡಳು. ನೀರು ಹದಕ್ಕಿಂತ ತುಸು ಹೆಚ್ಚೇ ಬಿಸಿಯಾಗಿತ್ತು.